ಬಾಯಿ ಬಿಡಿಸುವ ಪಾಠಕ್ಕೆ ಸೀಮೆಸುಣ್ಣ ಸಾಕು

ಮಂಗಳೂರು ಪೇಟೆಯಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರ ಕತೆ ಈಗ ಶಾಲಾ ಮಕ್ಕಳಿಗೂ ಬಾಯಿಪಾಠ. ಒಂದು ದಿನ ವಿದೇಶೀ ಪ್ರವಾಸಿಗರು ಹಣ್ಣಿನ ಬೆಲೆ ಎಷ್ಟೆಂದು ಇಂಗ್ಲಿಷಿನಲ್ಲಿ ಕೇಳಿದರು. ಹಾಜಬ್ಬರಿಗೆ ಪ್ರಶ್ನೆ ಅರ್ಥವಾಗಲಿಲ್ಲ, ಉತ್ತರ ಹೊರಡಲಿಲ್ಲ. ಗಿರಾಕಿಗಳು ಮುಂದೆ ನಡೆದರು. ತನ್ನ ಊರಿನ ಮಕ್ಕಳಿಗೆ ಈ ಗತಿ ಬರಬಾರದು ಎಂದು ಆ ಮನುಷ್ಯ ಹಠ ತೊಟ್ಟದ್ದು, ಹಣ್ಣು ಮಾರಿ ಉಳಿಸಿದ ಹಣ ಹಾಕಿ ಕಚೇರಿಯಿಂದ ಕಚೇರಿಗೆ ಅಲೆದದ್ದು, ಹರೇಕಳದ ನ್ಯೂಪಡ್ಪುವಿನಲ್ಲಿ 2000ದಲ್ಲಿ 28 ಮಕ್ಕಳ ಶಾಲೆಯೊಂದು ತಲೆಯೆತ್ತಿದ್ದು, 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದದ್ದು ಎಲ್ಲವೂ ಎಲ್ಲರಿಗೂ ತಿಳಿದ ಸಂಗತಿ.

ಇದನ್ನು ತ್ಯಾಗದ ಕತೆಯಾಗಿ ಹೇಳುವುದು ವಾಡಿಕೆ. ಅದು ಸರಿಯೇ. ಆದರೆ ಇಂಗ್ಲಿಷ್ ಕಲಿಸುವವರೂ ಕಲಿಯುವವರೂ ಅದರಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಂದು ಬೇಕಾಗಿದ್ದ ಇಂಗ್ಲಿಷ್ ಎಷ್ಟು? ಒಂದು ಪ್ರಶ್ನೆ ಅರ್ಥವಾಗಬೇಕಿತ್ತು, ಒಂದು ಸಂಖ್ಯೆ ಹೇಳಬೇಕಿತ್ತು. ಈಗ ಅದೇ ಜಾಗದಲ್ಲಿ ಹತ್ತು ವರ್ಷ ಇಂಗ್ಲಿಷ್ ಓದಿದ ಹುಡುಗನೊಬ್ಬನನ್ನು ನಿಲ್ಲಿಸಿ ನೋಡಿ. ಬೆಲೆಯನ್ನೇನೋ ಹೇಳಿಯಾನು. ಆದರೆ ಗಿರಾಕಿ ಅಷ್ಟಕ್ಕೇ ಬಿಡದೆ, ಹಣ್ಣು ಹುಳಿಯೇ, ಯಾವ ಊರಿನದು, ನಾಡಿದ್ದಿನವರೆಗೆ ಕೆಡದೆ ಉಳಿದೀತೇ, ಎರಡು ಡಜನ್ ಕೊಂಡರೆ ಕಡಿಮೆ ಮಾಡುತ್ತೀಯಾ ಎಂದು ಕೇಳತೊಡಗಿದರೆ? ಆಗ ನಾಲಿಗೆ ಒಣಗುವವರೇ ಹೆಚ್ಚು. ಅವರಲ್ಲಿ ಬಹಳಷ್ಟು ಮಂದಿಯ ಅಂಕಪಟ್ಟಿಯಲ್ಲಿ ಇಂಗ್ಲಿಷಿಗೆ ಎಂಬತ್ತು ತೊಂಬತ್ತು ಅಂಕಗಳು ಇರುತ್ತವೆ ಎಂಬುದೇ ಸೋಜಿಗ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಮೊದಲ ಸ್ಥಾನ ಪಡೆದ ಜಿಲ್ಲೆ ದಕ್ಷಿಣ ಕನ್ನಡ. ಅಂಕ ಗಳಿಸುವುದರಲ್ಲಿ ಇಲ್ಲಿನ ಮಕ್ಕಳು ಯಾರಿಗೂ ಕಡಿಮೆಯಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಅದೇ ಮಕ್ಕಳು ಪಿಯುಸಿಯ ವಿಜ್ಞಾನ ತರಗತಿಗೆ ಬಂದು, ಅರ್ಥವಾಗದ್ದನ್ನು ಎದ್ದು ನಿಂತು ಕೇಳಲಾಗದೆ ಎರಡು ವರ್ಷ ಮೌನವಾಗಿ ಕೂರುತ್ತಾರಲ್ಲ, ನಷ್ಟ ಇರುವುದು ಅಲ್ಲಿ.

ಹಾಗೆಂದು ಈ ಊರಿನ ಮಕ್ಕಳಿಗೆ ಭಾಷೆ ಕಲಿಯುವ ಶಕ್ತಿ ಇಲ್ಲವೆಂದು ಯಾರೂ ಹೇಳಲಾರರು. ಬೋಳಾರದ ಅಥವಾ ಕುದ್ರೋಳಿಯ ಸಾಧಾರಣ ಮಗುವೊಂದನ್ನು ತೆಗೆದುಕೊಳ್ಳಿ. ಮನೆಯಲ್ಲಿ ಕೊಂಕಣಿ, ಓಣಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯ ಗೆಳೆಯನೊಡನೆ ಬ್ಯಾರಿ, ಸಿನಿಮಾದಿಂದ ಒಂದಿಷ್ಟು ಹಿಂದಿ. ಹತ್ತು ತುಂಬುವುದರೊಳಗೆ ನಾಲ್ಕು ಭಾಷೆಗಳಲ್ಲಿ ಜಗಳವಾಡಬಲ್ಲ ಮಗು ಅದು! ಇವುಗಳಲ್ಲಿ ಒಂದನ್ನಾದರೂ ವ್ಯಾಕರಣದಿಂದ ಶುರುಮಾಡಿ ಕಲಿತದ್ದುಂಟೇ? ಗೋಲಿಯಾಟದ ನಡುವೆ ತುಳುವಿನ ಕ್ರಿಯಾಪದ ತಪ್ಪಿದರೆ ಯಾರೂ ಆಟ ನಿಲ್ಲಿಸಿ ಕೆಂಪು ಗೆರೆ ಎಳೆಯುವುದಿಲ್ಲ. ಎದುರಿನವನಿಗೆ ಮಾತು ತಿಳಿದರೆ ಆಟ ಮುಂದುವರಿಯುತ್ತದೆ, ತಿಳಿಯದಿದ್ದರೆ ಇನ್ನೊಂದು ರೀತಿಯಲ್ಲಿ ಹೇಳಿದರಾಯಿತು.

ಪರಭಾಷೆಯನ್ನು ಹೀಗೆ ಮಾತಿನ ನಡುವೆ ಇಳಿದು ಕಲಿತವರ ಉದಾಹರಣೆ ಹುಡುಕಿಕೊಂಡು ಮಂಗಳೂರಿನವರು ದೂರ ಹೋಗಬೇಕಾಗಿಲ್ಲ. 1834ರಲ್ಲಿ ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳು ಇಲ್ಲಿಗೆ ಬಂದಾಗ ಅವರಿಗೆ ಕನ್ನಡ, ತುಳುಗಳೇ ಪರಭಾಷೆ. ಅವರ ಹಿಂದೆ ಬಂದ ಮೋಗ್ಲಿಂಗರು 1843ರಲ್ಲಿ ಇಲ್ಲಿಂದಲೇ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಮ್ಯಾನರರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ, ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಈ ಊರಿನ ಮುದ್ರಣಾಲಯದಿಂದ ಬಂದವು. ಪಂಡಿತರ ಬಳಿ ಅವರು ಓದಿದ್ದು ನಿಜ. ಆದರೆ ಜನರ ಜೊತೆ ಮಾತಾಡದೆ ಅವರ ಕೆಲಸ ಒಂದು ದಿನವೂ ನಡೆಯುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಹಾಗಾದರೆ ತರಗತಿಯ ಇಂಗ್ಲಿಷ್ ಮಾತ್ರ ಬಾಯಿ ಕಟ್ಟಿಹಾಕುವುದೇಕೆ? ಒಂದು ಸಾಮಾನ್ಯ ದೃಶ್ಯ ನೋಡಿ. ಅಧ್ಯಾಪಕರು ಪೆನ್ನೊಂದನ್ನು ಎತ್ತಿ ಹಿಡಿದು ‘ವಾಟ್ ಈಸ್ ದಿಸ್?’ ಎನ್ನುತ್ತಾರೆ. ಮಕ್ಕಳು ಒಟ್ಟಾಗಿ ‘ದಿಸ್ ಈಸ್ ಅ ಪೆನ್’ ಎಂದು ರಾಗ ಎಳೆಯುತ್ತಾರೆ. ಅದು ಪೆನ್ನೆಂದು ಅಧ್ಯಾಪಕರಿಗೆ ಗೊತ್ತು, ಮಕ್ಕಳಿಗೂ ಗೊತ್ತು, ಮಕ್ಕಳಿಗೆ ಗೊತ್ತಿದೆ ಎಂಬುದು ಅಧ್ಯಾಪಕರಿಗೆ ಗೊತ್ತು. ಯಾರಿಗೂ ಬೇಡದ ಪ್ರಶ್ನೆ, ಯಾರಿಗೂ ಬೇಡದ ಉತ್ತರ. ಪಠ್ಯಪುಸ್ತಕದ ಸಂಭಾಷಣೆಯನ್ನು ಇಬ್ಬರು ಮಕ್ಕಳನ್ನು ನಿಲ್ಲಿಸಿ ಓದಿಸುವುದೂ ಇದೇ ಜಾತಿಯದು. ಓದುವ ಅಭ್ಯಾಸಕ್ಕೆ ಅದು ಒಳ್ಳೆಯದೇ. ಮಾತಾಡುವುದು ಎಂದು ಅದನ್ನು ಕರೆಯಲಾಗದು. ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದ ಏನಾದರೊಂದು ಇದ್ದಾಗಲೇ ಮಾತು ಹುಟ್ಟುವುದು.

ಈ ಸರಳ ವಿಚಾರದ ಮೇಲೆಯೇ ಕರ್ನಾಟಕದ ಹೆಸರು ಹೊತ್ತ ಪ್ರಯೋಗವೊಂದು ನಡೆದು ಜಗತ್ತಿನ ಭಾಷಾ ಬೋಧನೆಯ ಪುಸ್ತಕಗಳನ್ನು ಸೇರಿದೆ ಎಂಬುದು ಇಲ್ಲಿನ ಹೆತ್ತವರಿಗೆ ಅಷ್ಟಾಗಿ ತಿಳಿದಿಲ್ಲ. ಎನ್.ಎಸ್. ಪ್ರಭು ಎಂಬ ವಿದ್ವಾಂಸರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಕೆಲಸ ಅದು. ಹೊರಗಿನವರು ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ಅಲ್ಲಿ ಮಕ್ಕಳಿಗೆ ವ್ಯಾಕರಣದ ಪಾಠವಿರಲಿಲ್ಲ, ಬಿಡಿಸಲು ಸಮಸ್ಯೆಗಳಿದ್ದವು. ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕೆಂದು ಹೇಳು, ನಕ್ಷೆ ನೋಡಿ ದಾರಿ ಹೇಳು, ಹೇಳಿದಂತೆ ಚಿತ್ರ ಬರೆ. ಮಗುವಿನ ಲಕ್ಷ್ಯ ಸಮಸ್ಯೆಯ ಮೇಲೆ ನೆಟ್ಟಿರುವಾಗ ಭಾಷೆ ತನ್ನಷ್ಟಕ್ಕೆ ಕೂಡಿಕೊಳ್ಳುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಸಾಧನ ಸಾಮಗ್ರಿ? ಕಪ್ಪು ಹಲಗೆ, ಸೀಮೆಸುಣ್ಣ, ಕಾಗದ. ಇವುಗಳಾಚೆಗೆ ಹೆಚ್ಚೇನೂ ಇರಲಿಲ್ಲ. 1987ರಲ್ಲಿ ಅವರ ಪುಸ್ತಕ ಬಂತು. ಪ್ರಯೋಗ ಎಷ್ಟು ಫಲ ಕೊಟ್ಟಿತೆಂಬ ಬಗ್ಗೆ ತಜ್ಞರಲ್ಲಿ ವಾದವಿದೆ; ಆದರೆ ಬಡ ಶಾಲೆಯಲ್ಲಿ ಇದು ಸಾಧ್ಯವೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು.

ಈಗ ಮಂಗಳೂರಿನ ಒಂದು ತರಗತಿಗೆ ಬರೋಣ. ಏಳನೆಯ ತರಗತಿ, 45 ಮಕ್ಕಳು, 40 ನಿಮಿಷದ ಪೀರಿಯಡ್ಡು ಎಂದಿಟ್ಟುಕೊಳ್ಳಿ. ಅಧ್ಯಾಪಕರು ಹಿಂದಿನ ರಾತ್ರಿ ಏನೂ ತಯಾರಿ ಮಾಡಿಕೊಂಡಿಲ್ಲ. ಮನೆಗೆಲಸ, ಜನಗಣತಿ, ಚುನಾವಣೆ ಪಟ್ಟಿ ಎಂದು ಅಧ್ಯಾಪಕರ ಹೆಗಲ ಮೇಲಿನ ಹೊರೆ ಬಲ್ಲವರು ಇದಕ್ಕೆ ಬೇಸರಿಸಲಾರರು. ಪಾಠಕ್ಕೆ ಮುನ್ನ ಹತ್ತು ನಿಮಿಷ ಸಾಕು.

ಮಕ್ಕಳನ್ನು ಇಬ್ಬಿಬ್ಬರಂತೆ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಬೇಕು. ಒಬ್ಬಳು ತನ್ನ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಸಣ್ಣ ಚಿತ್ರ ಬರೆಯಲಿ: ಒಂದು ಹೆಂಚಿನ ಮನೆ, ಎಡಕ್ಕೊಂದು ತೆಂಗಿನ ಮರ, ಮುಂದೆ ಬಾವಿ, ಬಾವಿಯ ಕಟ್ಟೆಯ ಮೇಲೊಂದು ಕಾಗೆ. ಅದನ್ನು ತೋರಿಸದೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗಬೇಕು. ಇನ್ನೊಬ್ಬಳು ಕೇಳಿದಂತೆ ಬರೆಯಬೇಕು. ಸಂಶಯ ಬಂದರೆ ಕೇಳಬಹುದು. ಮರ ಎಡಕ್ಕೋ ಬಲಕ್ಕೋ? ಯಾರ ಎಡ, ನಿನ್ನದೋ ಮನೆಯದೋ? ಕಾಗೆ ಒಳಗೋ ಮೇಲೋ? ‘ಆನ್’, ‘ಇನ್’ಗಳ ವ್ಯತ್ಯಾಸವನ್ನು ಹಲಗೆಯ ಮೇಲೆ ಹತ್ತು ಸಲ ಬರೆದು ಕಲಿಸಿದ್ದಕ್ಕಿಂತ, ಬಾವಿಯೊಳಗೆ ಬಿದ್ದ ಕಾಗೆಯ ಚಿತ್ರ ಚೆನ್ನಾಗಿ ಕಲಿಸುತ್ತದೆ. ಐದು ನಿಮಿಷದ ಮೇಲೆ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ತರಗತಿಯಲ್ಲಿ ನಗೆಯೇಳುತ್ತದೆ. ತಪ್ಪು ಎಲ್ಲಾಯಿತೆಂದು ಮಕ್ಕಳೇ ಹುಡುಕುತ್ತಾರೆ, ಅಧ್ಯಾಪಕರು ಹೇಳಬೇಕಾಗಿಲ್ಲ. ಮರುದಿನ ಪಾತ್ರ ಬದಲಾಗಲಿ.

ಇಂಥ ಚಟುವಟಿಕೆಗಳು ಬೇಕಾದಷ್ಟಿವೆ. ಒಬ್ಬ ತನ್ನ ಬಗ್ಗೆ ಮೂರು ಮಾತು ಹೇಳುತ್ತಾನೆ, ಎರಡು ನಿಜ, ಒಂದು ಸುಳ್ಳು. ಉಳಿದವರು ಪ್ರಶ್ನೆ ಹಾಕಿ ಸುಳ್ಳನ್ನು ಹಿಡಿಯಬೇಕು. ಚೀಲದೊಳಗೆ ಒಂದು ವಸ್ತು ಬಚ್ಚಿಟ್ಟು, ಇಪ್ಪತ್ತು ಪ್ರಶ್ನೆಗಳೊಳಗೆ ಅದೇನೆಂದು ಕಂಡುಹಿಡಿಯುವುದು ಹಳೆಯ ಆಟ. ಇವುಗಳಲ್ಲಿ ಸುಳ್ಳಿನ ಆಟಕ್ಕೆ ಮಕ್ಕಳು ಮುಗಿಬೀಳುತ್ತಾರೆ. ಸುಳ್ಳು ಹೇಳಲು ಶಾಲೆಯಲ್ಲೇ ಅನುಮತಿ ಸಿಕ್ಕಿದರೆ ಯಾರಿಗೆ ಬೇಡ?

ಬಸ್ಸಿನ ಆಟ ಮಂಗಳೂರಿಗೆ ಹೇಳಿ ಮಾಡಿಸಿದ್ದು. ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಹೊಸಬನೊಬ್ಬ ಬಂದಿಳಿದಿದ್ದಾನೆ, ಅವನಿಗೆ ಇಲ್ಲಿನ ಯಾವ ಭಾಷೆಯೂ ಬಾರದು. ಸುರತ್ಕಲ್ಲಿಗೆ ಹೋಗಬೇಕು, ನಡುವೆ ಪಣಂಬೂರಿನಲ್ಲಿ ಇಳಿದು ಕಡಲು ನೋಡಬೇಕು, ಸಂಜೆ ಆರರೊಳಗೆ ಸೆಂಟ್ರಲ್ ಸ್ಟೇಷನ್ನಿಗೆ ಮರಳಬೇಕು. ದಾರಿ ಹೇಳುವವನಿಗೆ ಊರು ಅಂಗೈಯ ಗೆರೆಯಷ್ಟು ಪರಿಚಿತ. ಕೊರತೆ ಇರುವುದು ಇಂಗ್ಲಿಷಿನಲ್ಲಿ ಮಾತ್ರ. ಲಂಡನ್ನಿನ ರಸ್ತೆಗಳ ಪಾಠಕ್ಕಿಂತ ಇದು ಮೇಲು. ಕಿತ್ತಳೆ ಮಾರುವ ಆಟವನ್ನೂ ಹೀಗೆಯೇ ಆಡಬಹುದು. ಮಾರುವವನ ಕಿವಿಯಲ್ಲಿ ಅಧ್ಯಾಪಕರು ಒಂದು ಗುಟ್ಟು ಹೇಳುತ್ತಾರೆ: ಡಜನ್ನಿಗೆ ಎಪ್ಪತ್ತಕ್ಕಿಂತ ಕಡಿಮೆಗೆ ಕೊಡಬೇಡ. ಕೊಳ್ಳುವವಳ ಕಿವಿಯಲ್ಲಿ ಇನ್ನೊಂದು: ನಿನ್ನ ಬಳಿ ಇರುವುದು ಎಂಬತ್ತೇ ರೂಪಾಯಿ, ಅದರಲ್ಲಿ ಬಸ್ಸಿಗೆ ಹದಿನೈದು ಉಳಿಸಬೇಕು. ಇಬ್ಬರ ಗುಟ್ಟೂ ಪರಸ್ಪರ ತಿಳಿಯದು. ಲೆಕ್ಕ ಐದು ರೂಪಾಯಿಗೆ ತಪ್ಪುತ್ತದೆ ಎಂಬುದನ್ನು ಗಮನಿಸಿ. ಡಜನ್ ಬಿಟ್ಟು ಹತ್ತೇ ಹಣ್ಣು ಕೊಳ್ಳುವ ಉಪಾಯ ಯಾರಿಗೆ ಹೊಳೆಯುತ್ತದೋ, ಅಥವಾ ಬಸ್ಸು ಬಿಟ್ಟು ನಡೆದು ಹೋಗುತ್ತೇನೆ ಎನ್ನುವವಳು ಯಾರೋ! ಆ ಉಪಾಯಕ್ಕೆ ಬೇಕಾದ ಇಂಗ್ಲಿಷ್ ಯಾವ ಪಾಠದಲ್ಲೂ ಬರೆದಿಲ್ಲ, ಮಗುವೇ ಕಟ್ಟಬೇಕು.

ತಾಳಮದ್ದಳೆ ಕೇಳಿ ಬೆಳೆದ ಊರಿಗೆ ಇದು ಹೊಸತೇನೂ ಅಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿ ಬಿಟ್ಟ ಮೇಲೆ ಅರ್ಥಧಾರಿ ಕೂತಲ್ಲೇ ಮಾತು ಕಟ್ಟಬೇಕು. ಎದುರಿನವರು ಎಂಥ ಪ್ರಶ್ನೆ ಎಸೆಯುತ್ತಾರೋ ಅವನಿಗೆ ಮುಂಚಿತವಾಗಿ ತಿಳಿಯದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾದ ಕೇಳಲು ಜನ ರಾತ್ರಿಯಿಡೀ ಕೂತದ್ದು ಆ ಅನಿರೀಕ್ಷಿತಕ್ಕಾಗಿಯೇ. ಮನೆಯಲ್ಲಿ ತುಳು ಆಡುವ ಎಷ್ಟೋ ಅರ್ಥಧಾರಿಗಳು ಗ್ರಂಥಸ್ಥ ಕನ್ನಡದಲ್ಲಿ ಗಂಟೆಗಟ್ಟಲೆ ನಿರರ್ಗಳ ಮಾತಾಡುತ್ತಾರೆ. ಅವರ ಬೆನ್ನ ಹಿಂದೆ ವರ್ಷಗಳ ಓದಿದೆ ನಿಜ, ಆದರೆ ನಾಲಿಗೆ ಸಡಿಲವಾದದ್ದು ಸಂಘದ ವಾರದ ಕೂಟಗಳಲ್ಲಿ ಸಣ್ಣಪುಟ್ಟ ಪಾತ್ರ ಹೇಳಿಯೇ.

ಹೇಳಿದ್ದನ್ನೇ ಮತ್ತೆ ಹೇಳುವುದರಲ್ಲೂ ಲಾಭವಿದೆ. ನ್ಯೂಜಿಲೆಂಡಿನ ಪಾಲ್ ನೇಶನ್ 1980ರ ದಶಕದಲ್ಲಿ ಪ್ರಚುರಪಡಿಸಿದ ಒಂದು ಕ್ರಮ ಹೀಗಿದೆ: ಒಂದು ವಿಷಯವನ್ನು ಒಬ್ಬರಿಗೆ ನಾಲ್ಕು ನಿಮಿಷ ಹೇಳಬೇಕು, ಅದನ್ನೇ ಮತ್ತೊಬ್ಬರಿಗೆ ಮೂರು ನಿಮಿಷದಲ್ಲಿ, ಮೂರನೆಯವರಿಗೆ ಎರಡೇ ನಿಮಿಷದಲ್ಲಿ. ಕೇಳುವವರು ಪ್ರತಿ ಸಲ ಹೊಸಬರು, ಆದ್ದರಿಂದ ಕತೆ ಹಳತಾಗುವುದಿಲ್ಲ. ಹೇಳುವವನಿಗೆ ಮಾತ್ರ ಪದಗಳನ್ನು ಹುಡುಕುವ ಕಷ್ಟ ಇಳಿಯುತ್ತಾ ಹೋಗಿ ವೇಗ ಬರುತ್ತದೆ. ನಮ್ಮ ಶಾಲೆಗಳ ಚಿಕ್ಕ ಮಕ್ಕಳಿಗೆ ನಾಲ್ಕು ನಿಮಿಷ ದೀರ್ಘವಾದೀತು. ಎರಡು, ಒಂದೂವರೆ, ಒಂದು ಎಂದು ಇಟ್ಟುಕೊಳ್ಳಬಹುದು. ವಿಷಯ ಯಾವುದಾದರೂ ಆದೀತು: ನಿನ್ನೆಯ ಕ್ರಿಕೆಟ್ಟು, ಮಳೆಗೆ ಮುರಿದ ಕೊಡೆ, ಅಣ್ಣನ ಮದುವೆಯಲ್ಲಿ ಕಳೆದುಹೋದ ಚಪ್ಪಲಿ.

ಇಷ್ಟೆಲ್ಲಾ ಹೇಳಿದ ಮೇಲೆ ಅಧ್ಯಾಪಕರು ಎತ್ತುವ ಮೊದಲ ಆಕ್ಷೇಪ ಗಲಾಟೆಯದು. 45 ಮಕ್ಕಳು ಒಟ್ಟಿಗೆ ಮಾತಾಡಿದರೆ ಪಕ್ಕದ ತರಗತಿಯವರು ದೂರು ಒಯ್ಯುತ್ತಾರೆ, ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಲ್ಲುತ್ತಾರೆ. ಗಲಾಟೆ ಆಗುವುದು ಸತ್ಯ. ಅದಕ್ಕೆ ಬೆದರಿ ಒಬ್ಬೊಬ್ಬರನ್ನಾಗಿ ಎಬ್ಬಿಸಿ ಮಾತಾಡಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕಿ: 40 ನಿಮಿಷವನ್ನು 45 ಮಂದಿಗೆ ಹಂಚಿದರೆ ಒಬ್ಬರ ಪಾಲಿಗೆ ಒಂದು ನಿಮಿಷವೂ ಬಾರದು. ಇಬ್ಬಿಬ್ಬರು ಹತ್ತು ನಿಮಿಷ ಮಾತಾಡಿದರೆ ತಲಾ ಐದು ನಿಮಿಷ. ಗಲಾಟೆಯ ಬೆಲೆ ಇಷ್ಟೇ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿದರೆ ತಪ್ಪು ಇಂಗ್ಲಿಷೇ ಗಟ್ಟಿಯಾಗುವುದಿಲ್ಲವೇ? ಪ್ರಭು ಅವರಿಗೂ ಈ ಅಳುಕಿತ್ತು. ಅದಕ್ಕೇ ಅವರ ತರಗತಿಗಳಲ್ಲಿ ಜೋಡಿ ಮಾತಿಗಿಂತ ಅಧ್ಯಾಪಕರು ಇಡೀ ತರಗತಿಯೊಡನೆ ನಡೆಸುವ ಮಾತಿಗೆ ಹೆಚ್ಚು ಜಾಗವಿತ್ತು. ಎರಡನ್ನೂ ಕೂಡಿಸುವುದು ಜಾಣತನ. ಮೊದಲು ಅಧ್ಯಾಪಕರು ಹಲಗೆಯ ಬಳಿ ನಿಂತು ಎಲ್ಲರೆದುರು ಒಂದು ಸಲ ಆಡಿ ತೋರಿಸಲಿ, ಮಕ್ಕಳು ಹೇಳಿದಂತೆ ತಾವೇ ಚಿತ್ರ ಬರೆಯಲಿ, ಆಮೇಲೆ ಜೋಡಿಗಳಿಗೆ ಬಿಡಲಿ. ಜೋಡಿಗಳು ಮಾತಾಡುವಾಗ ನಡುನಡುವೆ ತಿದ್ದಬಾರದು. ಬೆಂಚುಗಳ ನಡುವೆ ಓಡಾಡುತ್ತಾ ಕಿವಿಗೆ ಬಿದ್ದ ಮೂರು ತಪ್ಪುಗಳನ್ನು ನೆನಪಿಟ್ಟುಕೊಂಡು, ಯಾರದೆಂದು ಹೇಳದೆ ಕೊನೆಯಲ್ಲಿ ಹಲಗೆಯ ಮೇಲೆ ಬರೆದು ಸರಿಪಡಿಸಿದರೆ ಸಾಕು. ಮೂರೇ ಮೂರು. ಮೂವತ್ತು ಬರೆದರೆ ನಾಳೆ ಯಾರೂ ಬಾಯಿ ತೆರೆಯಲಾರರು.

ಇನ್ನೊಂದು ಸಂಗತಿಗೆ ತಯಾರಿಯೂ ಬೇಡ, ಖರ್ಚೂ ಇಲ್ಲ. ಆದರೂ ಅದೇ ಬಲು ಕಷ್ಟ. ಕಾಯುವುದು. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಅಳೆದರು. ಪ್ರಶ್ನೆ ಕೇಳಿದ ಅಧ್ಯಾಪಕರು ಉತ್ತರಕ್ಕಾಗಿ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು! ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಮಾತಾಡತೊಡಗಿದರು. ಅವು ಮಕ್ಕಳ ಸ್ವಂತ ಭಾಷೆಯ ತರಗತಿಗಳು. ತುಳುವಿನಲ್ಲಿ ಯೋಚಿಸಿ, ಕನ್ನಡದ ಮೂಲಕ ಹಾದು, ಇಂಗ್ಲಿಷಿಗೆ ಬರಬೇಕಾದ ಮಗುವಿಗೆ ಮೂರು ಸೆಕೆಂಡೂ ಸಾಲದು.

ತುಳುವಿನ ಮಾತು ಬಂತು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಿದರೆ ದಂಡ ಹಾಕುವ ಶಾಲೆಗಳು ಕೆಲವಿವೆ, ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಹೆತ್ತವರೂ ಇದ್ದಾರೆ. ದಂಡಕ್ಕೆ ಹೆದರಿದ ಮಗು ಇಂಗ್ಲಿಷ್ ಮಾತಾಡುವುದಿಲ್ಲ, ಮಾತನ್ನೇ ಬಿಡುತ್ತದೆ. ಚಿತ್ರದ ಆಟದಲ್ಲಿ ಬಾವಿಕಟ್ಟೆಗೆ ಇಂಗ್ಲಿಷ್ ಹೊಳೆಯದಿದ್ದರೆ ತುಳುವಿನಲ್ಲೇ ಕೇಳಿ ತಿಳಿದುಕೊಳ್ಳಲಿ, ತಪ್ಪೇನು?

ಹೆತ್ತವರು ಮನೆಯಲ್ಲಿ ಮಾಡಬಹುದಾದದ್ದು ಏನು? ನೆಂಟರು ಬಂದಾಗ ‘ಅಂಕಲ್ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡು ನೋಡುವ’ ಎಂದು ಮಗುವನ್ನು ನಡುಮನೆಗೆ ತಳ್ಳದಿರುವುದು ಮೊದಲನೆಯದು. ತಮಗೆ ಇಂಗ್ಲಿಷ್ ಬಾರದೆಂದು ಕೊರಗುವ ತಾಯಂದಿರಿಗೂ ಇಲ್ಲಿ ಕೆಲಸವಿದೆ, ಅದೂ ಸಣ್ಣದಲ್ಲ. ಅಜ್ಜಿಯೋ ಅಮ್ಮನೋ ರಾತ್ರಿ ಊಟದ ಹೊತ್ತಿಗೆ ತಮ್ಮ ಬಾಲ್ಯದ ಒಂದು ಪ್ರಸಂಗವನ್ನು ತುಳುವಿನಲ್ಲೋ ಕೊಂಕಣಿಯಲ್ಲೋ ಹೇಳಲಿ: ನೇತ್ರಾವತಿಗೆ ನೆರೆ ಬಂದದ್ದು, ಬೀಡಿ ಕಟ್ಟಿ ಕೂಡಿಟ್ಟ ಹಣದಲ್ಲಿ ಮೊದಲ ಸೀರೆ ಕೊಂಡದ್ದು. ಮರುದಿನ ಮಗು ಅದನ್ನು ಇಂಗ್ಲಿಷಿನಲ್ಲಿ ಗೆಳೆಯನಿಗೆ ಹೇಳಲಿ. ತರಗತಿಯಲ್ಲಿ ಬೇರೆ ಯಾರಿಗೂ, ಅಧ್ಯಾಪಕರಿಗೂ ಗೊತ್ತಿಲ್ಲದ ಸಂಗತಿ ಅದು. ಸ್ಪೋಕನ್ ಇಂಗ್ಲಿಷ್ ತರಗತಿಗೆ ಸಾವಿರಗಟ್ಟಲೆ ಸುರಿದರೂ ಇಂಥ ಸರಕು ಅಲ್ಲಿ ಸಿಗದು.

ಕೊನೆಯ ಬೆಂಚಿನ ಹುಡುಗನ ಮಾತು ಉಳಿದಿದೆ. ಯಾವ ಆಟ ಹೂಡಿದರೂ ತುಟಿ ಬಿಚ್ಚದ ಒಬ್ಬಿಬ್ಬರು ಎಲ್ಲ ತರಗತಿಯಲ್ಲೂ ಇರುತ್ತಾರೆ. ಅವರನ್ನು ಎಬ್ಬಿಸಿ ನಿಲ್ಲಿಸಬಾರದು. ಚಿತ್ರದ ಆಟದಲ್ಲಿ ಮೊದಲ ಕೆಲವು ದಿನ ಬರೆಯುವ ಪಾತ್ರವನ್ನೇ ಕೊಡಬೇಕು. ಕೇಳಿಸಿಕೊಂಡು ಕೈಯಲ್ಲಿ ಉತ್ತರ ಕೊಡುವುದಕ್ಕೆ ನಾಲಿಗೆ ಬೇಕಿಲ್ಲ. ಆದರೆ ಕಾಗೆ ಎಲ್ಲಿ ಕೂತಿದೆ ಎಂದು ತಿಳಿಯದೆ ಅವನ ಪೆನ್ಸಿಲು ನಿಂತುಬಿಡುವ ಒಂದು ದಿನ ಬರುತ್ತದೆ. ಅಂದು ಅವನು ತಿರುಗಿ ‘ವೇರ್?’ ಎಂದು ಕೇಳುತ್ತಾನೆ. ಅಧ್ಯಾಪಕರು ಅದನ್ನು ಕೇಳಿಸಿಕೊಂಡೂ ಕೇಳದವರಂತೆ ಮುಂದಿನ ಬೆಂಚಿಗೆ ನಡೆಯಬೇಕು. ಮುಂದಿನ ವಾರ ಚಿತ್ರ ಬರೆದು ವರ್ಣಿಸುವ ಸರದಿಯನ್ನು ಅವನಿಗೇ ಕೊಟ್ಟು ನೋಡಬಹುದು.